ಅಲ್ಜೈಮರ್ ಕಾಯಿಲೆ ಮತ್ತು ಇಳಿವಯಸ್ಸಿನ ಮನೋಸ್ವಾಸ್ಥ್ಯ: ಚೆನ್ನೈ ಕಲಿಸಿದ ಪಾಠಗಳು

ಅಲ್ಜೈಮರ್ ಕಾಯಿಲೆ ಮಿದುಳಿನ ನರಕೋಶಗಳನ್ನು ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುವ ರೋಗ. ಮೊದಲು ಹೊಸ ನೆನಪು ನಿಲ್ಲುವುದಿಲ್ಲ. ಆಮೇಲೆ ಪದಗಳು ಸಿಗುವುದಿಲ್ಲ, ಗೊತ್ತಿದ್ದ ದಾರಿ ತಪ್ಪುತ್ತದೆ, ಲೆಕ್ಕ ಹಿಡಿತಕ್ಕೆ ಬರುವುದಿಲ್ಲ. ಕೊನೆಯ ಹಂತದಲ್ಲಿ ನಡೆಯುವುದು, ನುಂಗುವುದು ಕೂಡ ಕಷ್ಟವಾಗುತ್ತದೆ. ಡಿಮೆನ್ಷಿಯ ಎಂಬುದು ದಿನನಿತ್ಯದ ಬದುಕು ನಡೆಸಲಾಗದಷ್ಟು ಬುದ್ಧಿಶಕ್ತಿ ಕುಂದಿದ ಸ್ಥಿತಿಗೆ ಇರುವ ಒಟ್ಟು ಹೆಸರು; ಅದಕ್ಕೆ ಅಲ್ಜೈಮರ್ ಅತಿ ಸಾಮಾನ್ಯ ಕಾರಣ. ಮಿದುಳಿನ ರಕ್ತನಾಳಗಳು ಕೆಟ್ಟು ಬರುವ ಡಿಮೆನ್ಷಿಯ, ಲೂಯಿ ಬಾಡಿ ಡಿಮೆನ್ಷಿಯ, ಹಣೆಯ ಹಿಂದಿನ ಮಿದುಳಿನ ಭಾಗ ಮೊದಲು ಕುಗ್ಗುವ ಬಗೆ, ಇವೆಲ್ಲ ಉಳಿದ ಕಾರಣಗಳು. ಇಳಿವಯಸ್ಸಿನಲ್ಲಿ ಒಬ್ಬರಲ್ಲೇ ಎರಡು ಬಗೆ ಬೆರೆತಿರುವುದೂ ಉಂಟು. ಈ ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಚೆನ್ನೈನಲ್ಲಿ ನಾಲ್ಕೈದು ದಶಕಗಳಿಂದ ನಡೆದಿರುವ ಚಿಕಿತ್ಸೆ ಮತ್ತು ಸಂಶೋಧನೆಯನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಔಷಧದ ಕೊರತೆಗಿಂತ ಹೆಚ್ಚಿನ ಹಾನಿ ಆಗುತ್ತಿರುವುದು ರೋಗವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದರಿಂದ. ಮತ್ತು ಮರೆವು, ಖಿನ್ನತೆ, ಆರೈಕೆ ಮಾಡುವವರ ಬಳಲಿಕೆ ಇವನ್ನು ಬೇರೆಬೇರೆ ಬಾಗಿಲುಗಳಿಗೆ ಕಳಿಸುವುದರಿಂದ. ಈ ಲೇಖನ ಆ ಮಾತಿಗೆ ಇರುವ ಆಧಾರಗಳನ್ನೂ ಅದರ ವಿರುದ್ಧ ಹೇಳಬಹುದಾದದ್ದನ್ನೂ ಪರಿಶೀಲಿಸುತ್ತದೆ.

ವಯಸ್ಸಿನ ಲೆಕ್ಕಕ್ಕೆ ಬರೆಯುವ ತಪ್ಪನ್ನು ಮನೆಯವರಷ್ಟೇ ಅಲ್ಲ, ವೈದ್ಯಶಾಸ್ತ್ರವೂ ಬಹುಕಾಲ ಮಾಡಿತು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದ 51 ವರ್ಷದ ಆಗುಸ್ಟೆ ಡೀಟರ್ ಎಂಬ ಮಹಿಳೆಯನ್ನು ಮನೋವೈದ್ಯ ಅಲೋಯಿಸ್ ಅಲ್ಜೈಮರ್ ಪರೀಕ್ಷಿಸಿದ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೋಶಗಳ ಹೊರಗೆ ಕಟ್ಟಿಕೊಂಡ ಗಡ್ಡೆಗಳನ್ನೂ ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಗುರುತಿಸಿ ಅದೇ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ಸಭೆಯಲ್ಲಿ ವರದಿ ಮಾಡಿದ. 1910ರಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಅಲ್ಜೈಮರ್ ಹೆಸರು ಕೊಟ್ಟಾಗ, ಅದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗ ಎಂಬ ನಂಬಿಕೆ ಬೇರೂರಿತು. ಎಪ್ಪತ್ತು ವರ್ಷದವರಿಗೆ ಅದೇ ತೊಂದರೆ ಬಂದರೆ ಅದು ರೋಗವಲ್ಲ, ಬರೀ ಮುಪ್ಪು ಎಂದು ಬದಿಗಿಡಲಾಯಿತು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಸಂಶೋಧಕರು ವೃದ್ಧರ ಮಿದುಳಿನಲ್ಲೂ ಅಂಥದೇ ಗಡ್ಡೆಗಳಿರುವುದನ್ನು, ಅವು ಹೆಚ್ಚಿದಷ್ಟೂ ಬುದ್ಧಿಶಕ್ತಿಯ ಕುಂದು ಹೆಚ್ಚಿರುವುದನ್ನು ತೋರಿಸಿದರು. 1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಇವೆರಡೂ ಒಂದೇ ರೋಗ, ಇದು ಅಪರೂಪವಲ್ಲ, ದೊಡ್ಡ ಸಂಖ್ಯೆಯ ಸಾವಿಗೆ ಕಾರಣ ಎಂದು ವಾದಿಸಿದ. ಹೆಸರಿಟ್ಟು ಅರವತ್ತು ವರ್ಷ ಕಳೆದರೂ ವೈದ್ಯರೇ ಮುಪ್ಪನ್ನೂ ರೋಗವನ್ನೂ ಬೇರ್ಪಡಿಸಲಾಗದೆ ಇದ್ದರೆಂಬುದನ್ನು ಗಮನಿಸಿದರೆ, ಅರವತ್ತಕ್ಕೆ ಅರಳುಮರುಳು ಎಂದುಕೊಂಡು ಸುಮ್ಮನಾದ ನಮ್ಮ ಮನೆಗಳನ್ನು ಅಷ್ಟಾಗಿ ದೂರಲಾಗದು.

ಅಲ್ಜೈಮರ್ ಕಂಡ ಗಡ್ಡೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನ ತುಣುಕುಗಳವು. ಸಿಕ್ಕುಗಳು ಟಾವ್ ಎಂಬ ಇನ್ನೊಂದು ಪ್ರೋಟೀನಿನವು. ಹೊಸ ನೆನಪುಗಳನ್ನು ಅಚ್ಚೊತ್ತುವ ಹಿಪೊಕ್ಯಾಂಪಸ್ ಭಾಗ ಬೇಗ ಪೆಟ್ಟು ತಿನ್ನುವುದರಿಂದಲೇ, ಬಾಲ್ಯದ ಊರಿನ ಕೆರೆ ಬಾವಿ ವಿವರವಾಗಿ ಹೇಳುವವರಿಗೆ ಬೆಳಗಿನ ತಿಂಡಿ ಏನೆಂಬುದು ನೆನಪಿರುವುದಿಲ್ಲ. ಮನೆಯವರು ಇದನ್ನು ಕಂಡು, ಹಳೆಯದೆಲ್ಲ ಇಷ್ಟು ಚೆನ್ನಾಗಿ ನೆನಪಿರುವಾಗ ರೋಗವೆಲ್ಲಿಂದ ಬಂತು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ರೋಗದ ಗುರುತೇ ಅದು. ವಯಸ್ಸಿನ ಸಹಜ ಮರೆವಿನಲ್ಲಿ ಹೆಸರು ತಕ್ಷಣ ಹೊಳೆಯದಿದ್ದರೂ ಸ್ವಲ್ಪ ಹೊತ್ತಿಗೆ ಹೊಳೆಯುತ್ತದೆ, ಮರೆತೆನೆಂಬ ಅರಿವೂ ಇರುತ್ತದೆ. ರೋಗದಲ್ಲಿ ಕೇಳಿದ ಪ್ರಶ್ನೆಯನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಹಾಲಿನವನಿಗೆ ಎರಡು ಸಲ ದುಡ್ಡು ಕೊಡುವುದು, ನಲವತ್ತು ವರ್ಷ ಮಾಡಿದ ಸಾರಿಗೆ ಏನು ಮೊದಲು ಏನು ಆಮೇಲೆ ಎಂದು ತೋಚದೆ ನಿಲ್ಲುವುದು, ದಿನಾ ಹೋಗುವ ದೇವಸ್ಥಾನದಿಂದ ಮನೆಗೆ ದಾರಿ ತಪ್ಪುವುದು, ಇಟ್ಟ ಒಡವೆ ಸಿಗದಾಗ ಸೊಸೆಯ ಮೇಲೆ ಕಳ್ಳತನದ ಅನುಮಾನ, ಸಂಜೆಯಾಗುತ್ತಿದ್ದಂತೆ ನಾನು ನನ್ನ ಮನೆಗೆ ಹೋಗಬೇಕು ಎಂದು ಹಟ ಹಿಡಿಯುವುದು, ಇಂಥವು ಕಾಣುತ್ತವೆ. ಈ ಕೊನೆಯ ಎರಡನ್ನು ಮನೆಯವರು ಸ್ವಭಾವದ ದೋಷವೆಂದೇ ಎಣಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅತ್ತೆ ಸೊಸೆಯರ ನಡುವೆ ವರ್ಷಗಟ್ಟಲೆ ಮಾತು ಬಿಟ್ಟುಹೋದದ್ದಕ್ಕೆ ಹಿಂದೆ ಒಂದು ರೋಗವಿತ್ತೆಂದು ತಡವಾಗಿ ತಿಳಿದರೆ, ಆ ನೋವಿಗೆ ಪರಿಹಾರವಿರುವುದಿಲ್ಲ.

ಚೆನ್ನೈ ಈ ವಿಷಯದಲ್ಲಿ ಉಳಿದ ಹಲವು ನಗರಗಳಿಗಿಂತ ಮೊದಲೇ ಕೆಲಸ ಶುರುಮಾಡಿತು. ಮನೋರೋಗಿಗಳಿಗೆಂದು 1794ರಲ್ಲೇ ಇಲ್ಲಿ ಒಂದು ಆಶ್ರಯಗೃಹ ತೆರೆದಿತ್ತು. 1871ರಲ್ಲಿ ಕೀಳ್ಪಾಕ್‌ನ ಆಸ್ಪತ್ರೆ ಆರಂಭವಾಯಿತು, ಇಂದು ಅದು ಮಾನಸಿಕ ಆರೋಗ್ಯ ಸಂಸ್ಥೆ. 1961ರಲ್ಲಿ ಅದರ ಮುಖ್ಯಸ್ಥೆಯಾದ ಡಾ. ಎಂ. ಶಾರದಾ ಮೆನನ್ ಹುಟ್ಟಿದ್ದು 1923ರಲ್ಲಿ ಮಂಗಳೂರಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಓದಿಗೆ, ವೈದ್ಯಕ್ಕೆ, ಹೋಟೆಲ್ ಉದ್ಯಮಕ್ಕೆ ಕರಾವಳಿಯ ಜನ ಮದ್ರಾಸಿಗೆ ಬರುವುದು ಸಹಜವಾಗಿದ್ದ ಕಾಲ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆಯಲ್ಲಿ ಮನೋವೈದ್ಯ ಕಲಿತ ಶಾರದಾ ಮೆನನ್ ದೇಶದ ಮೊದಲ ಮಹಿಳಾ ಮನೋವೈದ್ಯೆ ಎನಿಸಿಕೊಂಡರು. 1978ರವರೆಗೆ ಕೀಳ್ಪಾಕ್ ಆಸ್ಪತ್ರೆ ನಡೆಸಿ, 1984ರಲ್ಲಿ ಸ್ಕಾರ್ಫ್ ಎಂದು ಹೆಸರಾದ ಸ್ಕಿಜೊಫ್ರೇನಿಯಾ ಸಂಶೋಧನಾ ಪ್ರತಿಷ್ಠಾನವನ್ನು ಕಟ್ಟಿದರು. ರೋಗಿಯನ್ನು ಗೋಡೆಯೊಳಗೆ ಇಡುವುದಕ್ಕಿಂತ ಮನೆಯವರನ್ನು ಚಿಕಿತ್ಸೆಯ ಭಾಗವಾಗಿಸುವುದು ಆ ಸಂಸ್ಥೆಯ ಮೂಲದಲ್ಲೇ ಇತ್ತು, ಮುಂದೆ ಡಿಮೆನ್ಷಿಯ ಸೇವೆಗೆ ಅದು ಬಹಳ ಉಪಯೋಗಕ್ಕೆ ಬಂತು. ಅತ್ತ 1978ರಲ್ಲಿ, ಅಂದರೆ ಕಾಟ್ಜ್‌ಮನ್ ಬರೆದ ಎರಡೇ ವರ್ಷಕ್ಕೆ, ಚೆನ್ನೈ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ ವೃದ್ಧರಿಗೆಂದೇ ಹೊರರೋಗಿ ವಿಭಾಗ ತೆರೆದರು. ದೇಶದಲ್ಲಿ ಅದೇ ಮೊದಲು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವೃದ್ಧರ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಆರಂಭವಾಯಿತು, ಅದೂ ದೇಶದಲ್ಲಿ ಮೊದಲು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ ವೃದ್ಧರಿಗಾಗಿ ಕಟ್ಟಿದ 200 ಹಾಸಿಗೆಯ ರಾಷ್ಟ್ರೀಯ ಕೇಂದ್ರ ಕೋವಿಡ್ ಕಾಲದಲ್ಲಿ ಕೋವಿಡ್ ಆಸ್ಪತ್ರೆಯಾಗಿ ದುಡಿದು, 2024ರ ಫೆಬ್ರವರಿಯಲ್ಲಿ ತನ್ನ ಮೂಲ ಉದ್ದೇಶಕ್ಕೆ ತೆರೆದುಕೊಂಡಿತು.

ಇಷ್ಟೆಲ್ಲ ಇದ್ದೂ ರೋಗ ಕಣ್ಣಿಗೆ ಬೀಳಲಿಲ್ಲ ಎಂಬುದಕ್ಕೆ ಅತ್ಯಂತ ಬಲವಾದ ಸಾಕ್ಷ್ಯವೂ ಇದೇ ನೆಲದಿಂದ ಬಂದಿದೆ. ಡಿಮೆನ್ಷಿಯ ಇರುವವರಲ್ಲಿ ಶೇ. 66 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ಶೇ. 10ಕ್ಕಿಂತ ಕಡಿಮೆ ಅಲ್ಲಿ ನಡೆಯುತ್ತದೆ ಎಂಬುದನ್ನೇ ಹೆಸರಾಗಿಸಿಕೊಂಡ 10/66 ಎಂಬ ಅಂತರರಾಷ್ಟ್ರೀಯ ತಂಡ, ಭಾರತದಲ್ಲಿ ಚೆನ್ನೈ ನಗರವನ್ನೂ ವೆಲ್ಲೂರಿನ ಹಳ್ಳಿಗಳನ್ನೂ ಆರಿಸಿಕೊಂಡಿತು. 65 ದಾಟಿದವರ ಮನೆಮನೆಗೆ ಹೋಗಿ, ಒಂದೇ ಜನರನ್ನು ಎರಡು ಅಳತೆಗೋಲಿನಿಂದ ಅಳೆದರು. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಮೆರಿಕದ ಮನೋವೈದ್ಯರ ರೂಢಿಯ ಮಾನದಂಡ ಹಿಡಿದರೆ ಗ್ರಾಮೀಣ ಭಾರತದ ವೃದ್ಧರಲ್ಲಿ ಡಿಮೆನ್ಷಿಯ ಶೇ. 0.3 ಮಾತ್ರ, ಕ್ಯೂಬಾದಲ್ಲಿ ಶೇ. 6.3. ಶಾಲೆಗೆ ಹೋಗದವರಿಗೂ ಹೊಂದುವಂತೆ ತಂಡವೇ ರೂಪಿಸಿದ ಮಾನದಂಡ ಹಿಡಿದಾಗ ಯಾವ ಕೇಂದ್ರದಲ್ಲೂ ಪ್ರಮಾಣ ಶೇ. 5.6ಕ್ಕಿಂತ ಕೆಳಗಿಳಿಯಲಿಲ್ಲ. ಅದೇ ಊರು, ಅದೇ ಮಂದಿ. ಬದಲಾದದ್ದು ಕೇಳಿದ ರೀತಿ. ರೂಢಿಯ ಮಾನದಂಡಕ್ಕೆ, ಮರೆವಿನಿಂದಾಗಿ ಕೆಲಸಕಾರ್ಯ ಕೆಟ್ಟಿದೆ ಎಂದು ಮನೆಯವರು ಹೇಳಬೇಕು. ಬ್ಯಾಂಕಿಗೆ ಮಗ ಹೋಗುವ, ಅಡುಗೆ ಸೊಸೆ ಮಾಡುವ, ಮಾತ್ರೆ ಮೊಮ್ಮಗಳು ಕೊಡುವ ಮನೆಯಲ್ಲಿ ಅಜ್ಜಿ ಮಾಡಬೇಕಾದ ಕೆಲಸವೇ ಇಲ್ಲದಿದ್ದಾಗ ಕೆಟ್ಟದ್ದು ಕಾಣುವುದಾದರೂ ಹೇಗೆ? ಮನೆಯವರ ಪ್ರೀತಿಯೇ ಇಲ್ಲಿ ರೋಗಕ್ಕೆ ಮರೆಯಾಗಿದೆ. ಮುಂದೆ ವಯಸ್ಸಾಗುವಿಕೆಯನ್ನು ಕುರಿತ ದೇಶವ್ಯಾಪಿ ಲಾಸಿ ಸಮೀಕ್ಷೆಯ ಭಾಗವಾಗಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ, 60 ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯ ಇದೆಯೆಂದು ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಅಳತೆಗೋಲು ಬದಲಿಸಿ ಸಂಖ್ಯೆ ಏರಿಸಿದರೆ ರೋಗ ಹೆಚ್ಚಿತೆಂದು ಹೇಗೆ ಹೇಳುವುದು? ಅಕ್ಷರ ಬಾರದವರು ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದರೆ ಅದು ಕಾಯಿಲೆಯೋ, ಶಾಲೆ ಕಾಣದ ಬಾಲ್ಯದ ಫಲವೋ? ಈ ಅನುಮಾನ ಸರಿಯಾದದ್ದೇ. ನೂರರಿಂದ ಏಳೇಳು ಕಳೆಯಿರಿ, ಈ ಚಿತ್ರ ನೋಡಿ ಬರೆಯಿರಿ ಎಂಬಂಥ ಪರೀಕ್ಷೆ ಪೆನ್ಸಿಲ್ ಹಿಡಿಯದವರಿಗೆ ಅನ್ಯಾಯ. ಅದಕ್ಕೇ 10/66 ತಂಡ ತನ್ನ ಮಾನದಂಡವನ್ನು ಮೊದಲು ಹಲವು ದೇಶಗಳ 25 ಕೇಂದ್ರಗಳಲ್ಲಿ, ಡಿಮೆನ್ಷಿಯ ಇರುವವರು, ಖಿನ್ನತೆ ಇರುವವರು, ಹೆಚ್ಚು ಓದಿದ ಆರೋಗ್ಯವಂತರು, ಕಡಿಮೆ ಓದಿದ ಆರೋಗ್ಯವಂತರು ಎಂದು ಗುಂಪು ಮಾಡಿ ಪರೀಕ್ಷಿಸಿಯೇ ಬಳಸಿತು. ಓದಿಲ್ಲದವರನ್ನು ರೋಗಿಗಳೆಂದು ತಪ್ಪಾಗಿ ಎಣಿಸುವುದನ್ನು ತಡೆಯಲೆಂದೇ ಅದರ ರಚನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದೇ ಕಾರಣಕ್ಕೆ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಗಳಲ್ಲಿ ಪರೀಕ್ಷಾ ಸಾಮಗ್ರಿಯ ಕಟ್ಟೊಂದನ್ನು ಸಿದ್ಧಪಡಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿರುವುದು ಇನ್ನೂ ಮುಖ್ಯ, ಏಕೆಂದರೆ ಒಂದು ದಿನದ ಅಂಕಕ್ಕಿಂತ ಅದೇ ವ್ಯಕ್ತಿ ಹೋದ ಸಲಕ್ಕಿಂತ ಎಷ್ಟು ಕುಂದಿದರು ಎಂಬುದೇ ನಂಬತಕ್ಕ ಗುರುತು. ಸಂಖ್ಯೆ ಸ್ವಲ್ಪ ಅತ್ತಿತ್ತ ಆಗಬಹುದು. ಕಾಣದೆ ಉಳಿದವರೇ ಹೆಚ್ಚು ಎಂಬ ತೀರ್ಮಾನ ಅಲುಗುವುದಿಲ್ಲ.

ಕಾಣದೆ ಉಳಿಯುವ ಇನ್ನೊಂದು ಸಂಕಟ ಖಿನ್ನತೆ. ಲಾಸಿ ಸಮೀಕ್ಷೆಯ 2017-18ರ ಸುತ್ತಿನಲ್ಲಿ 60 ದಾಟಿದವರ ಪೈಕಿ ಶೇ. 8.3 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡವು. ವೈದ್ಯರು ನಮಗೆ ಖಿನ್ನತೆಯೆಂದು ಹೇಳಿದ್ದಾರೆ ಎಂದವರು ಶೇ. 0.8. ಹತ್ತು ಜನರಲ್ಲಿ ಒಂಬತ್ತು ಮಂದಿಯ ದುಃಖಕ್ಕೆ ಯಾರೂ ಹೆಸರಿಟ್ಟಿಲ್ಲ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಗರದ 25,455 ವಯಸ್ಕರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆ ಶೇ. 15.1, ಬಡವರಲ್ಲಿ, ಸಂಗಾತಿಯನ್ನು ಕಳೆದುಕೊಂಡವರಲ್ಲಿ ಅದು ಹೆಚ್ಚು. ವೃದ್ಧರ ಖಿನ್ನತೆ ಅಳುವಿನ ರೂಪದಲ್ಲಿ ಬರಬೇಕೆಂದಿಲ್ಲ. ಮೈಕೈ ನೋವು, ಹೊಟ್ಟೆ ಉರಿ, ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರ ಜೊತೆಗೂ ಮಾತು ಬೇಡವೆನಿಸುವುದು, ಹೀಗೆ ಬರುತ್ತದೆ. ಮನೆಯವರು ಹೊಟ್ಟೆಯ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಮರೆವಿನೊಂದಿಗೆ ಇದರ ಸಂಬಂಧ ಎರಡು ದಿಕ್ಕಿನದು. ಖಿನ್ನತೆಯಿಂದಲೇ ಗಮನ ಕೆಟ್ಟು ಡಿಮೆನ್ಷಿಯದಂತೆ ಕಾಣುವುದುಂಟು, ಚಿಕಿತ್ಸೆ ಕೊಟ್ಟರೆ ಬುದ್ಧಿ ಮರಳುತ್ತದೆ. ಡಿಮೆನ್ಷಿಯ ಆರಂಭವಾದವರಿಗೆ ತಮ್ಮ ಕೈ ತಪ್ಪುತ್ತಿರುವುದು ಗೊತ್ತಾಗಿ ಖಿನ್ನತೆ ಬರುವುದೂ ಉಂಟು. ಥೈರಾಯ್ಡ್ ಕಡಿಮೆಯಾಗಿರುವುದು, ಬಿ12 ಜೀವಸತ್ವದ ಕೊರತೆ, ಮೂತ್ರದ ಸೋಂಕಿನಿಂದ ಹಠಾತ್ತಾಗಿ ಎದ್ದ ಮಂಕು, ನಿದ್ದೆಗೋ ಅಲರ್ಜಿಗೋ ನುಂಗುತ್ತಿರುವ ಮಾತ್ರೆಗಳ ಪ್ರಭಾವ, ಕಿವಿ ಕೇಳದಿರುವುದು ಇವೂ ಮರೆವಿನ ವೇಷದಲ್ಲಿ ಬರುತ್ತವೆ. ಆದ್ದರಿಂದ ವಯಸ್ಸಾಯಿತು ಎಂಬ ಒಂದು ಮಾತಿನಿಂದ ಪರೀಕ್ಷೆ ತಪ್ಪಿಸಿದರೆ, ಗುಣವಾಗಬಹುದಾದವರನ್ನೂ ಗುಣವಾಗದವರ ಸಾಲಿಗೆ ತಳ್ಳಿದಂತೆ. ಬದುಕು ಸಾಕೆಂಬ ಮಾತನ್ನು ವೃದ್ಧರು ಆಡಿದಾಗ ಅದು ವೈರಾಗ್ಯವೆಂದು ತಿಳಿಯುವುದು ಇನ್ನೂ ಅಪಾಯಕರ. ಆತ್ಮಹತ್ಯೆ ತಡೆಯಲೆಂದು 1986ರಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಚೆನ್ನೈನಲ್ಲಿ ಆರಂಭಿಸಿದ ಸ್ನೇಹಾ ಸಂಸ್ಥೆ ಯಾವ ವಯಸ್ಸಿನವರ ಮಾತನ್ನಾದರೂ ತೀರ್ಪು ಕೊಡದೆ ಕೇಳಿಸಿಕೊಳ್ಳುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ಸಹಾಯವಾಣಿ 14567 ಇವೂ ಇವೆ.

ಗುಣವಾಗದ ಕಾಯಿಲೆಗೆ ಹೆಸರಿಟ್ಟು ಏನು ಪ್ರಯೋಜನ, ಮುದುಕರನ್ನು ಹೆದರಿಸಿದಂತಲ್ಲವೇ ಎಂಬುದು ಚೆನ್ನೈನಲ್ಲೂ ಬೆಂಗಳೂರಿನಲ್ಲೂ ಕೇಳಿಬರುವ ಮಾತು. ಔಷಧದ ಮಟ್ಟಿಗೆ ಇದರಲ್ಲಿ ನಿಜಾಂಶವಿದೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮಾತ್ರೆಗಳು ನಮ್ಮ ಮೆಡಿಕಲ್ ಶಾಪುಗಳಲ್ಲೇ ಸಿಗುತ್ತವೆ; ಕೆಲವರಲ್ಲಿ ಕೆಲಕಾಲ ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆ, ರೋಗವನ್ನು ನಿಲ್ಲಿಸುವುದಿಲ್ಲ. ಮಿದುಳಿನ ಅಮೈಲಾಯ್ಡನ್ನು ತೆಗೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದಾಗ ದೊಡ್ಡ ಸುದ್ದಿಯಾಯಿತು. ಲೆಕಾನೆಮ್ಯಾಬ್ ಪ್ರಯೋಗದಲ್ಲಿ 1,795 ಮಂದಿಯನ್ನು 18 ತಿಂಗಳು ನೋಡಿದಾಗ ಕುಂದುವ ವೇಗ ಶೇ. 27ರಷ್ಟು ತಗ್ಗಿತ್ತು, ಆದರೆ 18 ಅಂಕಗಳ ಅಳತೆಯಲ್ಲಿ ಆ ವ್ಯತ್ಯಾಸ ಅರ್ಧ ಅಂಕಕ್ಕಿಂತ ಕಡಿಮೆ. ಮಿದುಳು ಊದಿಕೊಳ್ಳುವ, ಒಳಗೆ ರಕ್ತ ಜಿನುಗುವ ಅಪಾಯವೂ ಇದೆ, ಪದೇ ಪದೇ ಸ್ಕ್ಯಾನ್ ಬೇಕು, ಆರಂಭದ ಹಂತದವರಿಗೆ ಮಾತ್ರ. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ; ಪಿಂಚಣಿಯಲ್ಲಿ ಬದುಕುವ ಚೆನ್ನೈ ಮೈಲಾಪುರದ ಒಂದು ಮನೆಗೆ ಇದು ಇವತ್ತಿನ ಉತ್ತರವಲ್ಲ. ಆದರೂ ಬೇಗ ಹೆಸರಿಡುವುದಕ್ಕೆ ಔಷಧದಾಚೆಗೆ ಕಾರಣಗಳಿವೆ. ಕಾನೂನನ್ನೇ ತೆಗೆದುಕೊಳ್ಳೋಣ. ಭಾರತದ ಕರಾರು ಕಾಯ್ದೆಯ ಪ್ರಕಾರ, ಪವರ್ ಆಫ್ ಅಟಾರ್ನಿ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೇ ಮುಗಿಯುತ್ತದೆ. ಅಂದರೆ ಯಾವಾಗ ಅದು ಅತ್ಯಗತ್ಯವೋ ಆಗಲೇ ಅದು ಬಿದ್ದುಹೋಗುತ್ತದೆ, ಮನೆಯವರು ಪೋಷಕತ್ವಕ್ಕಾಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ. ವಿಲ್ ಬರೆಯುವುದು, ಬ್ಯಾಂಕ್ ಖಾತೆಯನ್ನು ಜಂಟಿ ಮಾಡುವುದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿರುವ ಹಕ್ಕಿನಂತೆ ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡುವುದು, ಇವೆಲ್ಲ ತಿಳಿವು ಇರುವಾಗಲೇ ಆಗಬೇಕಾದ ಕೆಲಸ. ರೋಗದ ಹೆಸರನ್ನು ಮುಚ್ಚಿಟ್ಟರೆ ತನ್ನ ಬದುಕಿನ ಕೊನೆಯ ತೀರ್ಮಾನಗಳನ್ನು ತಾನೇ ಮಾಡುವ ಅವಕಾಶವನ್ನು ಆ ವ್ಯಕ್ತಿಯಿಂದ ಕಿತ್ತುಕೊಂಡಂತೆ. ಹೆದರಿಸಬಾರದೆಂಬ ಕರುಣೆ ಅರ್ಥವಾಗುವಂಥದ್ದು, ಆದರೆ ಅದರ ಬೆಲೆಯನ್ನು ತೆರುವವರು ರೋಗಿಗಳೇ.

ಎರಡನೆಯ ಕಾರಣ, ಔಷಧವಲ್ಲದ ಚಿಕಿತ್ಸೆ. ಅರಿವಿಗೆ ಚೇತನ ಕೊಡುವ ಗುಂಪು ಚಟುವಟಿಕೆಯ ವಿಧಾನವೊಂದನ್ನು ಇಂಗ್ಲೆಂಡಿನಲ್ಲಿ ಏಮಿ ಸ್ಪೆಕ್ಟರ್ ಮತ್ತು ಜೊತೆಗಾರರು ರೂಪಿಸಿ 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ವಾರಕ್ಕೆರಡು ಸಲದಂತೆ ಏಳು ವಾರ, ಒಟ್ಟು 14 ಬೈಠಕ್. ಬಾಲ್ಯ, ಊಟ ತಿಂಡಿ, ಶಬ್ದಗಳು, ಈಚಿನ ಸುದ್ದಿ, ದುಡ್ಡಿನ ಬಳಕೆ, ಪದಗಳ ಆಟ, ಚೆಂಡಾಟ, ಹೀಗೆ ದಿನಕ್ಕೊಂದು ವಿಷಯ. ಸರಿ ತಪ್ಪು ಕೇಳುವುದಿಲ್ಲ, ಅಭಿಪ್ರಾಯ ಕೇಳುತ್ತಾರೆ. ಸೌಮ್ಯ ಹಾಗೂ ಮಧ್ಯಮ ಹಂತದವರ ಅರಿವಿನಲ್ಲೂ ಬದುಕಿನ ಗುಣಮಟ್ಟದಲ್ಲೂ ಇದರಿಂದ ಸುಧಾರಣೆ ಕಂಡಿತು. ಚೆನ್ನೈನ ಸ್ಕಾರ್ಫ್ ಇದನ್ನು ಹಾಗೆಯೇ ಎತ್ತಿ ತರದೆ, ತಮಿಳು ಬದುಕಿಗೆ ಒಗ್ಗುವಂತೆ ಮಾರ್ಪಡಿಸಿ, ಚಿಕ್ಕ ಗುಂಪುಗಳಲ್ಲಿ ನಡೆಸಿ ನೋಡಿ 2017ರಲ್ಲಿ ವರದಿ ಮಾಡಿತು. ಮುಂದೆ ಬ್ರೆಜಿಲ್ ಮತ್ತು ಟಾಂಜಾನಿಯಾಗಳೊಂದಿಗೆ ಸೇರಿ ಅಂತರರಾಷ್ಟ್ರೀಯ ಅಧ್ಯಯನವನ್ನೂ ನಡೆಸಿತು. ಇದಕ್ಕೆ ಬೇಕಾದದ್ದು ಒಂದು ಕೋಣೆ, ಎಂಟು ಹತ್ತು ಕುರ್ಚಿ, ತರಬೇತಿ ಪಡೆದ ಇಬ್ಬರು. ದೊಡ್ಡ ಆಸ್ಪತ್ರೆಯ ಅಗತ್ಯವೇ ಇಲ್ಲ. ಇದು ರೋಗವನ್ನು ಹಿಮ್ಮೆಟ್ಟಿಸುತ್ತದೆಂದು ಯಾರೂ ಹೇಳುತ್ತಿಲ್ಲ. ಇರುವ ಶಕ್ತಿ ಬಳಕೆಯಿಲ್ಲದೆ ಜಡವಾಗುವುದನ್ನು ತಡೆಯುತ್ತದೆ. ಮನೆಯಲ್ಲಿ ಸುಮ್ಮನೆ ಕೂರಿಸಿ ಟಿ.ವಿ. ಹಾಕಿಟ್ಟರೆ ಆಗುವುದು ಇದರ ತದ್ವಿರುದ್ಧ.

ನಮ್ಮಲ್ಲಿ ಕುಟುಂಬವಿದೆ, ಸೊಸೆ ಮಗಳು ನೋಡಿಕೊಳ್ಳುತ್ತಾರೆ, ಪಶ್ಚಿಮದವರ ಹಾಗೆ ಕೇಂದ್ರಗಳು ಬೇಕಿಲ್ಲ ಎಂಬ ವಾದ ನಮ್ಮ ಹೆಮ್ಮೆಗೆ ಹಿತವಾಗಿರುವುದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಕುಟುಂಬ ನೋಡಿಕೊಳ್ಳುತ್ತಿದೆ, ಹೌದು. ಆದರೆ ಕುಟುಂಬವೆಂದರೆ ಬಹುಪಾಲು ಒಬ್ಬ ಹೆಂಗಸು. ರಾತ್ರಿ ನಾಲ್ಕು ಸಲ ಎದ್ದು, ಬಟ್ಟೆ ಬದಲಿಸಿ, ಬೈಗುಳ ಕೇಳಿ, ಕೆಲಸ ಬಿಟ್ಟು, ಮದುವೆ ಮುಂಜಿಗೂ ಹೋಗಲಾಗದೆ ಉಳಿಯುವ ಆಕೆ ತನಗೆ ಖಿನ್ನತೆ ಬಂದಿದೆ ಎಂದು ಹೇಳಿಕೊಳ್ಳುವುದೂ ಇಲ್ಲ, ಹೇಳಿದರೆ ಕರ್ತವ್ಯದಲ್ಲಿ ಸೋತಂತೆ ಎಂಬ ಭಯ. ತಮಿಳುನಾಡಿನ ಜನಸಂಖ್ಯೆಯಲ್ಲಿ 60 ದಾಟಿದವರು 2011ರ ಜನಗಣತಿಯಲ್ಲಿ ಶೇ. 10.4, 2031ಕ್ಕೆ ಶೇ. 18.2 ಆಗುವರೆಂದು ಸರ್ಕಾರದ ಅಂದಾಜು. ಮಕ್ಕಳು ಕಡಿಮೆ, ಇರುವವರು ಹೊರದೇಶದಲ್ಲಿ, ನೋಡಿಕೊಳ್ಳುವವರಿಗೇ ಅರವತ್ತೈದು. ಹೋಮ್ ನರ್ಸ್ ಎಂದು ಏಜೆನ್ಸಿಯಿಂದ ಬರುವ ಹುಡುಗಿಗೆ ಸ್ನಾನ ಮಾಡಿಸುವುದು ಗೊತ್ತಿರಬಹುದು, ಸ್ನಾನ ಬೇಡವೆಂದು ಹೊಡೆಯಲು ಬಂದವರನ್ನು ಹೇಗೆ ಒಲಿಸುವುದು ಎಂದು ಯಾರೂ ಕಲಿಸಿರುವುದಿಲ್ಲ. ಕುಟುಂಬ ಸಾಕೆನ್ನುವವರು ಕುಟುಂಬಕ್ಕೆ ಏನು ಬೇಕೆಂದು ಕೇಳಬೇಕು. ಗೋವಾದಲ್ಲಿ ಡಾ. ಅಮಿತ್ ಡಯಾಸ್ ಮತ್ತು ಜೊತೆಗಾರರು 81 ಕುಟುಂಬಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಟ್ಟಿದೆ. ವೈದ್ಯರಲ್ಲದ, ಸ್ಥಳೀಯವಾಗಿ ತರಬೇತಿ ಪಡೆದ ಕಾರ್ಯಕರ್ತರು ಮನೆಗೆ ಹೋಗಿ ರೋಗದ ಸ್ವರೂಪ ತಿಳಿಸಿದರು, ಕಷ್ಟದ ನಡವಳಿಕೆ ನಿಭಾಯಿಸುವುದನ್ನು ಹೇಳಿಕೊಟ್ಟರು, ಬೇಕಾದಾಗ ವೈದ್ಯರಿಗೆ ಸೇರಿಸಿದರು. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಕುಟುಂಬದ ಜಾಗಕ್ಕೆ ಸಂಸ್ಥೆ ಬರಬೇಕಿಲ್ಲ, ಕುಟುಂಬದ ಬೆನ್ನಿಗೆ ಯಾರಾದರೂ ನಿಲ್ಲಬೇಕು ಎಂಬುದು ಇದರಿಂದ ಹೊರಡುವ ಅರ್ಥ.

ಯಾರು ನಿಲ್ಲಬೇಕು ಎಂಬ ಪ್ರಶ್ನೆಗೆ ತಮಿಳುನಾಡಿನಲ್ಲೇ ಅರ್ಧ ಉತ್ತರ ಸಿದ್ಧವಿದೆ. 2021ರ ಆಗಸ್ಟ್ 5ರಂದು, ಕನ್ನಡ ಮಾತಾಡುವವರೂ ಸಾಕಷ್ಟಿರುವ ಗಡಿ ಜಿಲ್ಲೆ ಕೃಷ್ಣಗಿರಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ಬರುವ ವೈದ್ಯಸೇವೆ) ಯೋಜನೆಯಲ್ಲಿ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಹೋಗಿ ಬಿ.ಪಿ., ಸಕ್ಕರೆ ಪರೀಕ್ಷಿಸಿ ಮಾತ್ರೆ ಕೊಡುತ್ತಾರೆ. ಫಿಸಿಯೋಥೆರಪಿ, ಹಾಸಿಗೆ ಹಿಡಿದವರಿಗೆ ಉಪಶಮನದ ಆರೈಕೆಯೂ ಉಂಟು. ವಿಶ್ವಸಂಸ್ಥೆಯ ಪ್ರಶಸ್ತಿಯೂ 2024ರಲ್ಲಿ ಅದಕ್ಕೆ ಬಂತು. ಇದನ್ನು ಡಿಮೆನ್ಷಿಯಕ್ಕೆ ಸಂಬಂಧವಿಲ್ಲದ ಕೆಲಸವೆಂದು ತಿಳಿಯಬಾರದು. ಲ್ಯಾನ್ಸೆಟ್ ಆಯೋಗದ 2024ರ ವರದಿ, ಬದಲಾಯಿಸಬಹುದಾದ 14 ಅಪಾಯಕಾರಣಗಳನ್ನು ಹತೋಟಿಗೆ ತಂದರೆ ಜಗತ್ತಿನ ಸುಮಾರು ಶೇ. 45 ಡಿಮೆನ್ಷಿಯವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆನ್ನುತ್ತದೆ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ತಂಬಾಕು, ಮದ್ಯ, ಬೊಜ್ಜು, ವ್ಯಾಯಾಮವಿಲ್ಲದಿರುವುದು, ಕಿವಿ ಮತ್ತು ಕಣ್ಣಿನ ಮಂಕು, ತಲೆಪೆಟ್ಟು, ಹೊಗೆ ತುಂಬಿದ ಗಾಳಿ, ಖಿನ್ನತೆ, ಒಂಟಿತನ, ಬಾಲ್ಯದಲ್ಲಿ ಶಾಲೆ ಸಿಗದಿರುವುದು ಆ ಹದಿನಾಲ್ಕು. ವಯಸ್ಕರಲ್ಲಿ ಶೇ. 14.4 ಮಂದಿಗೆ ಸಕ್ಕರೆ ಕಾಯಿಲೆ ಇರುವ ರಾಜ್ಯದಲ್ಲಿ ಅದನ್ನು ಹತೋಟಿಯಲ್ಲಿಡುವುದು ಮಿದುಳಿನ ರಕ್ಷಣೆಯೂ ಹೌದು. ಶೇ. 45 ಎಂಬುದು ಎಲ್ಲ ಕಾರಣಗಳೂ ಪೂರ್ತಿ ತೊಲಗಿದಾಗಿನ ಲೆಕ್ಕ, ಒಬ್ಬ ವ್ಯಕ್ತಿಗೆ ಕೊಡುವ ಭರವಸೆಯಲ್ಲ. ಎಲ್ಲ ಎಚ್ಚರ ವಹಿಸಿದವರಿಗೂ ರೋಗ ಬರುತ್ತದೆ, ಅದು ಅವರ ತಪ್ಪಲ್ಲ. ಬಡ ದೇಶದಲ್ಲಿ ಮಕ್ಕಳ ಅಪೌಷ್ಟಿಕತೆ ಇರುವಾಗ ಮುದುಕರ ಮರೆವಿಗೆ ಖರ್ಚೇಕೆ ಎನ್ನುವವರಿಗೂ ಇಲ್ಲಿ ಉತ್ತರವಿದೆ. ಹೇಗೂ ಬಾಗಿಲಿಗೆ ಬಂದ ಕಾರ್ಯಕರ್ತೆ ಬಿ.ಪಿ. ನೋಡಿದ ಮೇಲೆ ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಬಹುದು: ನೆನಪು ಹೇಗಿದೆ, ಕಿವಿ ಕೇಳುತ್ತದೆಯೇ, ಮನಸ್ಸಿಗೆ ಬೇಸರವೇ, ಮತ್ತು ನೋಡಿಕೊಳ್ಳುತ್ತಿರುವವರೇ, ನಿಮಗೆ ರಾತ್ರಿ ನಿದ್ದೆ ಬರುತ್ತದೆಯೇ. ಹೊಸ ಕಟ್ಟಡವೇನೂ ಬೇಡ, ತರಬೇತಿ ಮತ್ತು ಕಳಿಸಲು ಒಬ್ಬ ವೈದ್ಯರು ಬೇಕು.

ಚೆನ್ನೈನ ಕನ್ನಡ ಕುಟುಂಬಗಳಿಗೆ ಇದರ ಜೊತೆ ಭಾಷೆಯ ಪ್ರಶ್ನೆಯೂ ಸೇರುತ್ತದೆ. ಉಡುಪಿ ಹೋಟೆಲುಗಳ ಜೊತೆ, ಸರ್ಕಾರಿ ಕೆಲಸಗಳ ಜೊತೆ, ಸಿನಿಮಾ ಉದ್ಯಮದ ಜೊತೆ ಬಂದು ಎರಡು ಮೂರು ತಲೆಮಾರು ಕಳೆದ ಇವರು ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷ್ ಆಡಿದವರು. ಎರಡು ಭಾಷೆ ಬಳಸುವವರಲ್ಲಿ ಡಿಮೆನ್ಷಿಯ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು, ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನ 648 ರೋಗಿಗಳ ಅಧ್ಯಯನದಿಂದ 2013ರಲ್ಲಿ ತೋರಿಸಿದರು. ಅಕ್ಷರ ಬಾರದವರಲ್ಲೂ ಹಾಗೆ ಕಂಡದ್ದರಿಂದ ಅದು ಬರೀ ಓದಿನ ಪ್ರಭಾವವಲ್ಲ ಎಂಬ ವಾದಕ್ಕೆ ಬಲ ಬಂತು. ಬೇರೆ ದೇಶಗಳಲ್ಲಿ ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಈ ಲಾಭ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ, ಆದ್ದರಿಂದ ಇದನ್ನು ಖಚಿತ ಕವಚವೆಂದು ಹೇಳಲಾಗದು. ರೋಗ ಬಂದ ಮೇಲಿನ ಮಾತು ಬೇರೆ. ಆಮೇಲೆ ಕಲಿತ ಭಾಷೆ ಕೆಲವರಲ್ಲಿ ಮೊದಲು ಜಾರುತ್ತದೆ. ಐವತ್ತು ವರ್ಷ ಸಲೀಸಾಗಿ ತಮಿಳಾಡಿದವರು ಕುಂದಾಪುರದ ಕನ್ನಡಕ್ಕೆ ಮರಳುತ್ತಾರೆ. ಆಗ ತಮಿಳಿನಲ್ಲಿ ಪರೀಕ್ಷಿಸಿದ ವೈದ್ಯರಿಗೆ ರೋಗ ಇರುವುದಕ್ಕಿಂತ ಹೆಚ್ಚು ಮುಂದುವರಿದಂತೆ ತೋರಬಹುದು, ತಮಿಳು ಮಾತ್ರ ಬಲ್ಲ ಹೋಮ್ ನರ್ಸ್‌ಗೆ ರೋಗಿ ಸುಮ್ಮನೆ ಹಟ ಮಾಡುವಂತೆ ತೋರಬಹುದು. ತಪಾಸಣೆಗೆ ಹೋಗುವಾಗ ರೋಗಿಯ ಮನೆಮಾತು ಯಾವುದು, ಯಾವ ವಯಸ್ಸಿನಲ್ಲಿ ತಮಿಳು ಕಲಿತರು ಎಂದು ಮನೆಯವರೇ ಮೊದಲು ಹೇಳಬೇಕು. ಕನ್ನಡದಲ್ಲಿ ಸಿದ್ಧವಾಗಿರುವ ಪರೀಕ್ಷೆಯನ್ನು ಬಳಸುವಂತೆ ಕೇಳಬಹುದು, ಅಗತ್ಯಬಿದ್ದರೆ ನಿಮ್ಹಾನ್ಸ್‌ನ ಅಭಿಪ್ರಾಯ ಪಡೆಯಬಹುದು. ಆರೈಕೆಗೆ ಬಂದವರಿಗೆ ನೀರು, ನೋವು, ಹಸಿವು, ಚಳಿ, ಮೂತ್ರ, ಬೇಡ, ಭಯ ಎಂಬಂಥ ಇಪ್ಪತ್ತು ಮೂವತ್ತು ಕನ್ನಡ ಮಾತುಗಳನ್ನು ತಮಿಳು ಲಿಪಿಯಲ್ಲಿ ಬರೆದು, ಆ ಮನೆಯಲ್ಲಿ ಅಜ್ಜಿಯನ್ನು ಎಲ್ಲರೂ ಏನೆಂದು ಕರೆಯುತ್ತಿದ್ದರೋ ಆ ಹೆಸರನ್ನೂ ಸೇರಿಸಿ, ಅಡುಗೆಮನೆಯ ಗೋಡೆಗೆ ಅಂಟಿಸಿದರೆ ಮೊದಲ ದಿನದಿಂದಲೇ ಅದು ಕೆಲಸಕ್ಕೆ ಬರುತ್ತದೆ.